ಫೋಟೋ ತೆಗೆಯುವುದು

"ಯಾತಕ್ಕೆ ಬೇಕು ಅಂತ್ಲೇ ನೀವು ಹೇಳದೆ ಇದ್ರೆ ನಾನು ಯಾವುದನ್ನ ಅಂತ ತೋರಿಸ್ಲಿ?" ಎಂದು ಕ್ಯಾಮೆರಾ ಅಂಗಡಿಯಾಕೆ ಕೇಳಿದಾಗ ಅವನು ಕೈಯಲ್ಲಿದ್ದ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವನು ಈ ಅಂಗಡಿಯ ಮೆಟ್ಟಿಲು ಹತ್ತುತ್ತಿರುವುದು ಇದು ಮೂರನೆಯ ಶನಿವಾರ. ಮೊದಲನೆಯ ಸಲ 'ಸುಮ್ನೆ ನೋಡ್ತಿದೀನಿ' ಎಂದಿದ್ದ. ಎರಡನೆಯ ಸಲ 'ಇನ್ನೂ ಸ್ವಲ್ಪ ಓದ್ಕೊಂಡು ಬರ್ತೀನಿ' ಎಂದಿದ್ದ, ಕ್ಯಾಮೆರಾ ಕೊಳ್ಳುವುದು ಪರೀಕ್ಷೆಗೆ ಕೂರುವಂಥ ವಿಷಯವೇನೋ ಎಂಬಂತೆ. ಆಕೆ 'ಓದಿ ಓದಿ, ಒಳ್ಳೇದಾಗ್ಲಿ' ಎಂದು ಕೈಮುಗಿದು ಕಳಿಸಿದ್ದಳು. ಓದಿದ್ದು ಸುಳ್ಳಲ್ಲ. ನೋಟ್‌ಬುಕ್ಕಿನ ಹದಿನಾಲ್ಕು ಪುಟ ತುಂಬಿತ್ತು. ಸೆನ್ಸರಿನ ಅಳತೆ, ಮೆಗಾಪಿಕ್ಸೆಲ್ಲು, ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಲೆನ್ಸು ಬಿಚ್ಚಿ ಬದಲಾಯಿಸುವಂಥದ್ದು ಮೇಲೋ ಬಿಚ್ಚದಂಥದ್ದು ಮೇಲೋ, ಆಪ್ಟಿಕಲ್ ಝೂಮು ನಿಜವಾದ ಝೂಮು, ಡಿಜಿಟಲ್ ಝೂಮು ಬರೀ ಬೂಟಾಟಿಕೆ; ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ. ಅವನು ಓದಿದ ಲೇಖನಗಳೆಲ್ಲ ಒಂದೇ ಮಾತಿನಿಂದ ಶುರುವಾಗುತ್ತಿದ್ದವು: ಮೊದಲು ನಿಮ್ಮ ಅಗತ್ಯವೇನೆಂದು ಖಚಿತ ಮಾಡಿಕೊಳ್ಳಿ. ಅದನ್ನು ಪೀಠಿಕೆಯೆಂದುಕೊಂಡು ಪ್ರತಿಸಲವೂ ಹಾರಿಸಿ ಮುಂದಕ್ಕೆ ಹೋಗಿದ್ದ. ಈಗ ನೋಡಿದರೆ ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ. ನಾಳೆ ಬೆಳಿಗ್ಗೆ ಅಕ್ಕ ಊರು ಬಿಡುತ್ತಾಳೆ. ಇವತ್ತು ಕೊಳ್ಳದಿದ್ದರೆ ಆಮೇಲೆ ಕೊಂಡು ಮಾಡುವುದಾದರೂ ಏನು?

ಅಂಗಡಿಯಾಕೆ ಅವನನ್ನು ಬಿಡುವ ಹಾಗೆ ಕಾಣಲಿಲ್ಲ. ಎರಡು ಕ್ಯಾಮೆರಾ ಎತ್ತಿಕೊಂಡು ಅಂಗಡಿಯ ಮೂಲೆಯಲ್ಲಿದ್ದ ಕುಂಡವೊಂದರ ಚಿತ್ರ ತೆಗೆದು, ಎರಡರ ಪರದೆಯನ್ನೂ ಅವನ ಮೂಗಿನ ಮುಂದೆ ಹಿಡಿದು, "ಈಗ ಹೇಳಿ, ಇದಾ? ಅದಾ?" ಎಂದಳು. ಅವನ ಕಿವಿ ಬಿಸಿಯಾಯಿತು. ಏಕೆಂದರೆ ಇದು ಅವನ ಮಾತು. ಮೂವತ್ತೆರಡು ವರ್ಷದಿಂದ ಕನ್ನಡಕದ ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಕೂತು, ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಗಾಜು ಬದಲಾಯಿಸುತ್ತಾ ಅವನು ದಿನಕ್ಕೆ ನೂರು ಸಲ ಆಡುವ ಮಾತು ಇದೇ: ಇದಾ, ಅದಾ? ಜನ ಎಷ್ಟು ಹೆದರುತ್ತಿದ್ದರು ಅದಕ್ಕೆ! ಕಚೇರಿಯಲ್ಲಿ ಹತ್ತು ಜನರನ್ನು ಗದರುವವರು ಸಹ ಆ ಕುರ್ಚಿಯಲ್ಲಿ ಕೂತರೆ ಬೆವರಿ, 'ಇನ್ನೊಂದ್ಸಲ ತೋರಿಸ್ತೀರಾ?' ಎಂದು ಗೋಗರೆಯುತ್ತಿದ್ದರು. ಕೊನೆಗೆ ಸೋತು 'ಎರಡೂ ಒಂದೇ ಥರ ಇದೆ' ಎಂದುಬಿಡುತ್ತಿದ್ದರು. 'ತಪ್ಪು ಉತ್ತರ ಅಂತ ಇಲ್ಲ ಸ್ವಾಮಿ, ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೋ ಹಾಗೆ ಹೇಳಿ' ಎಂದು ಇವನು ದೊಡ್ಡ ಮನುಷ್ಯನ ಹಾಗೆ ಸಮಾಧಾನ ಮಾಡುತ್ತಿದ್ದ. ಮನೆಗೆ ಬಂದು ಅವರೆಲ್ಲರ ಧ್ವನಿ ಅನುಕರಿಸಿ ಅಕ್ಕನನ್ನು ನಗಿಸುತ್ತಿದ್ದ. ಈಗ ಎರಡು ಪರದೆಯಲ್ಲಿದ್ದ ಎರಡು ಕುಂಡಗಳನ್ನು ಕಣ್ಣು ಕಿರಿದು ಮಾಡಿ ನೋಡಿದ. ಎಡಗಡೆಯದರ ಎಲೆ ಸ್ವಲ್ಪ ಹೆಚ್ಚು ಹಸಿರೋ, ಇಲ್ಲ ಬಲಗಡೆಯದೋ. "ಎರಡೂ ಒಂದೇ ಥರ ಇವೆ," ಎಂದ. ಆಕೆ ನಿಟ್ಟುಸಿರು ಬಿಟ್ಟು, "ನೀವು ಏನ್ ಕೆಲಸ ಮಾಡ್ಕೊಂಡಿದೀರಿ?" ಎಂದು ಕೇಳಿದಳು. "ಕಣ್ಣು ಟೆಸ್ಟ್ ಮಾಡ್ತೀನಿ," ಎಂದ. ಆಕೆ ನಗು ತಡೆಯಲು ಪಟ್ಟ ಪಾಡು ನೋಡಿ ಇವನೇ ನಕ್ಕುಬಿಡಬೇಕಾಯಿತು.

ಮೂರು ವಾರದ ಹಿಂದೆ ಅಕ್ಕ, ಊಟದ ಮೇಜು ಒರೆಸುತ್ತಾ, ಒರೆಸುವುದನ್ನು ನಿಲ್ಲಿಸದೆ, ತಾನು ಟ್ರಂಕ್ ಕಾಲ್ ಜೊತೆ ಇರುವುದಕ್ಕೆ ಹೋಗುತ್ತಿರುವುದಾಗಿ ಹೇಳಿದ್ದಳು. ಟ್ರಂಕ್ ಕಾಲ್ ಅಂದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳತಿ. ಅವಳ ಗಂಟಲಿಗೆ ತಂತಿಯೇ ಬೇಕಿಲ್ಲ ಎಂದು ಅಲ್ಲಿನವರೆಲ್ಲ ಇಟ್ಟ ಹೆಸರು ಅದು. ಬಹಳ ಹಿಂದೆಯೇ ವರ್ಗವಾಗಿ ಬೇರೆ ಊರಿಗೆ ಹೋದವಳು, ಈಗ ಅಲ್ಲೇ ಒಂದು ಪುಟ್ಟ ಮನೆ ಮಾಡಿಕೊಂಡು ಒಬ್ಬಳೇ ಇದ್ದಳು. 'ಇಬ್ರೂ ರಿಟೈರಾದ್ವಿ. ಅವಳ ಮನೇಲಿ ಒಂದು ರೂಮು ಖಾಲಿ ಇದೆ, ನನಗೂ ಹೋಗ್ಬೇಕು ಅನ್ಸಿದೆ,' ಎಂದಳು ಅಕ್ಕ, ಅಷ್ಟೇ. ಅರವತ್ತೊಂದು ವರ್ಷದವಳು, ನಾಳೆ ತರಕಾರಿ ತರಬೇಕು ಎನ್ನುವ ಧಾಟಿಯಲ್ಲಿ. ಅವನು 'ಓ' ಎಂದ. 'ಒಳ್ಳೇದೇ ಆಯ್ತು' ಎಂದ. ಮುಖ ಮುಚ್ಚಿಕೊಳ್ಳಲು ಪೇಪರು ಬಿಡಿಸಿ, ತಲೆಕೆಳಗಾಗಿ ಹಿಡಿದದ್ದು ಗೊತ್ತಾಗಿ, ನೇರ ಮಾಡಿಕೊಂಡ. ಆಗಲೇ ಅಕ್ಕ ಬಟ್ಟೆ ಹಿಂಡುತ್ತಾ ಹೇಳಿದ್ದು: 'ಇನ್ನೊಂದು ವಿಷಯ. ನಾನು ಹೋಗೋದ್ರೊಳಗೆ ನೀನು ನನ್ನ ಫೋಟೋ ತೆಗೀಬೇಕು. ಮರೀಬೇಡ.' ಅವನು ಮುಳುಗುವವನು ಹಗ್ಗ ಹಿಡಿದ ಹಾಗೆ ಆ ಮಾತನ್ನು ಹಿಡಿದುಕೊಂಡುಬಿಟ್ಟ. ನನ್ನ ಫೋಟೋ ತೆಗೀಬೇಕು, ಎಂದಳಲ್ಲ! ತಮ್ಮನ ಕೈಯಲ್ಲೇ ಆಗಬೇಕು ಎಂದಳಲ್ಲ! ಅವನ ಫೋನಿನಲ್ಲೂ ಒಂದು ಕ್ಯಾಮೆರಾ ಇತ್ತು, ಆದರೆ ಫೋನಿನಲ್ಲಿ ತೆಗೆದದ್ದು ಫೋಟೋ ಅಲ್ಲ, ಪುರಾವೆ, ಎಂಬುದು ಅವನ ಸಿದ್ಧಾಂತ. ಒಳ್ಳೆಯ ಕ್ಯಾಮೆರಾ ಬೇಕು. ಒಳ್ಳೆಯದನ್ನು ಆರಿಸುವುದಕ್ಕೆ ಸಮಯ ಬೇಕು. ಆರಿಸಿ ಮುಗಿಯುವವರೆಗೆ ಫೋಟೋ ಆಗುವ ಹಾಗಿಲ್ಲ, ಫೋಟೋ ಆಗುವವರೆಗೆ ಅಕ್ಕ ಹೋಗುವ ಹಾಗಿಲ್ಲ. ಇಷ್ಟು ಸರಳವಾದ ಲೆಕ್ಕ ಅವನ ತಲೆಯ ಯಾವುದೋ ಮೂಲೆಯಲ್ಲಿ, ಅವನಿಗೇ ಕೇಳಿಸದಷ್ಟು ಮೆಲ್ಲಗೆ, ಮೂರು ವಾರ ನಡೆದಿತ್ತು. ಹಾಗಾಗಿ ಅವನು ಮೀನಮೇಷ ಎಣಿಸಿದ. ಎಣಿಸುವುದರಲ್ಲಿ ಅವನಿಗೆ ಅಭ್ಯಾಸ ಇತ್ತು. ವಯಸ್ಸಿದ್ದಾಗ ಮೂರು ಕಡೆ ಹೆಣ್ಣು ನೋಡಿ, ಮೂರು ಕಡೆಯೂ 'ಯೋಚಿಸಿ ಹೇಳ್ತೀನಿ' ಎಂದು ಬಂದು, ಯೋಚಿಸಿ ಮುಗಿಸುವಷ್ಟರಲ್ಲಿ ಮೂವರಿಗೂ ಮದುವೆಯಾಗಿ, ಒಬ್ಬಳಂತೂ ಮಗುವಿನ ಕಣ್ಣು ತೋರಿಸಲು ಇವನ ಕತ್ತಲ ಕೋಣೆಗೇ ಬಂದಿದ್ದಳು.

ಕಳೆದ ಬುಧವಾರ ಅಕ್ಕ ಮತ್ತೆ ಕೇಳಿದ್ದಳು. 'ಫೋಟೋ ತೆಗೀತೀನಿ ಅಂದ್ಯಲ್ಲ, ಏನಾಯ್ತೋ?' 'ಆಗುತ್ತೆ, ಅವಸರ ಮಾಡ್ಬೇಡ. ಅದಕ್ಕೆ ಸರಿಯಾದ್ದು ಬೇಕಲ್ಲ,' ಎಂದಿದ್ದ. 'ಅದಕ್ಕೇನೋ ಸರಿಯಾದ್ದು? ಒಂದು ಸ್ಟೂಲಿದ್ರೆ ಸಾಕು.' 'ಸ್ಟೂಲ್ ಬೇಡ, ಕುರ್ಚಿ ಚೆನ್ನಾಗಿರುತ್ತೆ.' 'ಕುರ್ಚಿ ಅಲ್ಲಾಡುತ್ತೆ, ಬಿದ್ದುಗಿದ್ದೀಯ. ಸ್ಟೂಲೇ ವಾಸಿ.' ನಾನ್ಯಾಕೆ ಬೀಳುತ್ತೇನೆ, ಕೂರುವವಳು ನೀನಲ್ಲವೆ ಎಂದುಕೊಂಡ. ವಯಸ್ಸಾಯಿತು, ಮಾತು ಅಲ್ಲಿ ಇಲ್ಲಿ ತಪ್ಪುತ್ತದೆ, ಎಂದು ಕನಿಕರಪಟ್ಟುಕೊಂಡು, ಆ ಕನಿಕರದಲ್ಲಿ ತಾನು ಎಷ್ಟು ಒಳ್ಳೆಯವನು ಎಂಬ ಭಾವನೆಯೂ ಬಂದು, ರಾತ್ರಿಯ ಊಟದಲ್ಲಿ ಅವಳಿಗೆ ನೀರು ತಾನೇ ಬಗ್ಗಿಸಿ ಕೊಟ್ಟಿದ್ದ. ಅವಳು ಲೋಟವನ್ನೂ ಅವನನ್ನೂ ಒಂದು ಗಳಿಗೆ ನೋಡಿ ಕುಡಿದಿದ್ದಳು.

"ಏನ್ರೀ, ಮಕ್ಕಳ ಫೋಟೋನಾ? ಪ್ರವಾಸಕ್ಕಾ? ಮದುವೆ ಮನೆಗಾ?" ಅಂಗಡಿಯಾಕೆ ಬೆರಳು ಮಡಚುತ್ತಿದ್ದಳು. ನಮ್ಮಕ್ಕನ ಒಂದು ಫೋಟೋ ತೆಗೆಯಬೇಕು: ಇಷ್ಟೇ ಹೇಳಬೇಕಾದದ್ದು. ಒಂದೇ ಒಂದಾ, ಎಂದು ಕೇಳುತ್ತಾಳೆ. ಹೌದು, ಒಂದೇ. ಅದಕ್ಕಾಗಿ ಮೂರು ವಾರ ಓದಿದ್ರಾ? ಹೌದು. ಯಾಕೆ, ಅಕ್ಕ ಎಲ್ಲಿಗಾದ್ರೂ ಹೋಗ್ತಿದಾರಾ? ಅಲ್ಲಿಗೆ ಅಳು ಬಂದುಬಿಡುತ್ತದೆಂದು ಅವನಿಗೆ ಗೊತ್ತಿತ್ತು. ಗಾಜಿನ ಬೀರುಗಳ ನಡುವೆ, ಗುರುತಿಲ್ಲದ ಹೆಂಗಸಿನೆದುರು, ಐವತ್ತೈದು ವರ್ಷದವನು ಅತ್ತರೆ ಹೇಗಿರುತ್ತದೆ? ಅವನ ಕಣ್ಣು ಗೋಡೆಯ ಮೇಲೆ ಹರಿದಾಡಿ, ಅಲ್ಲಿ ರೆಕ್ಕೆ ಬಿಚ್ಚಿಕೊಂಡು ನೀರಿನ ಮೇಲೆ ನಿಂತಿದ್ದ ಯಾವುದೋ ಬಿಳಿಯ ಹಕ್ಕಿಯ ದೊಡ್ಡ ಚಿತ್ರಕ್ಕೆ ಸಿಕ್ಕಿಕೊಂಡಿತು. "ಹಕ್ಕಿ," ಎಂದ. ಅವನ ಬಾಯಿಂದಲೇ ಬಂತು. "ಹಾಗೆ ಹೇಳಿ ಮತ್ತೆ!" ಎಂದು ಆಕೆ ಮೇಜು ಗುದ್ದಿದಳು. "ಅದಕ್ಕೆ ಮೂರು ವಾರ ನಾಚ್ಕೊಂಡ್ರಾ? ಯಾವ ಹಕ್ಕಿ? ನೀರಿನ ಹಕ್ಕಿನಾ, ಕಾಡಿನ ಹಕ್ಕಿನಾ?" "ಎರಡೂ... ಯಾವುದು ಸಿಕ್ಕಿದ್ರೂ." ಅಲ್ಲಿಂದ ಮುಂದೆ ಏನೂ ಅವನ ಕೈಯಲ್ಲಿರಲಿಲ್ಲ. ಆಕೆ ಒಳಗಿನಿಂದ ಮೊಳದುದ್ದದ ಲೆನ್ಸು ತಂದು ಕ್ಯಾಮೆರಾಕ್ಕೆ ತಿರುಗಿಸಿ ಹಾಕಿ ಅವನ ಕತ್ತಿಗೆ ತೂಗಿಬಿಟ್ಟಳು. ಕತ್ತು ಬಾಗಿತು. ಬೆಲೆ ಕೇಳಿ ಬೆನ್ನೂ ಬಾಗಿತು. "ಹತ್ತಿರದ್ದು ಮಾತ್ರ ಇದ್ರಲ್ಲಿ ಆಗಲ್ಲ ನೋಡಿ, ಹದಿನೈದು ಇಪ್ಪತ್ತು ಅಡಿನಾದ್ರೂ ದೂರ ನಿಲ್ಬೇಕು. ಹಕ್ಕಿ ಹೇಗಿದ್ರೂ ಹತ್ತಿರ ಬರಲ್ವಲ್ಲ," ಎಂದು ಆಕೆ ಹೇಳಿದ್ದು ಕೇಳಿಸಿತು, ಕೇಳಿಸಿಯೂ ಅವನು ತಲೆಯಾಡಿಸಿದ, ಇಷ್ಟು ವರ್ಷದಿಂದ ಹಕ್ಕಿಗಳ ಸಂಗಡವೇ ಬಾಳಿದವನ ಹಾಗೆ. ಬೇಡ, ಬೇರೆಯದು ತೋರಿಸಿ ಎನ್ನಬೇಕಾದರೆ ಹಕ್ಕಿಯನ್ನು ವಾಪಸು ತೆಗೆದುಕೊಳ್ಳಬೇಕು. ಒಂದು ಸುಳ್ಳಿನ ಮರ್ಯಾದೆ ಉಳಿಸುವುದಕ್ಕೆ ಅವನು ಕೇಳಿದಷ್ಟು ದುಡ್ಡು ಕೊಟ್ಟು ಹೊರಗೆ ಬಂದ.

ಮನೆಯ ಕಡೆ ನಡೆಯುತ್ತಾ, ಪೆಟ್ಟಿಗೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸುತ್ತಾ, ಅವನು ಅಕ್ಕನ ಇನ್ನೊಂದು ಫೋಟೋವನ್ನು ನೆನೆಸಿಕೊಂಡ. ನೆನೆಸಿಕೊಳ್ಳುವುದೇನು, ಅದು ಹಜಾರದ ಗೋಡೆಯಲ್ಲೇ ಮೂವತ್ತೊಂದು ವರ್ಷದಿಂದ ಇದೆ, ಎರಡು ಬಾಡಿಗೆ ಮನೆ ದಾಟಿ ಅವರ ಜೊತೆಯೇ ಬಂದಿದೆ. ಅವನ ಜೀವಮಾನದ ಒಂದೇ ಒಳ್ಳೆಯ ಫೋಟೋ. ಮೂವತ್ತು ವರ್ಷದ ಅಕ್ಕ ಹಳೆಯ ಮನೆಯ ಗೇಟಿನ ಬಳಿ ನಿಂತಿದ್ದಾಳೆ, ನೇರ ನೋಡುತ್ತಿದ್ದಾಳೆ, ತುಟಿಯಲ್ಲಿ ಒಂದು ನಗೆ. ಮನೆಗೆ ಯಾರೇ ಬಂದರೂ ಅದನ್ನು ಕಂಡು 'ಯಾರು ತೆಗೆದದ್ದು?' ಎನ್ನುತ್ತಿದ್ದರು, ಅಷ್ಟಕ್ಕೇ ಕಾಯುತ್ತಿದ್ದವನಂತೆ ಇವನು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದ. ಅದೊಂದು ಕಥೆ, ಎನ್ನುತ್ತಿದ್ದ. ಅವತ್ತು ಅಕ್ಕ ಸೂಪರ್‌ವೈಸರ್ ಆಗಿ ಬೇರೆ ಊರಿಗೆ ಹೊರಟಿದ್ದಳು. ಅವಳಿಗೂ ಟ್ರಂಕ್ ಕಾಲ್‌ಗೂ ಒಂದೇ ಕಾಗದದಲ್ಲಿ ಬಂದ ಪ್ರಮೋಷನ್ನು. ಬೆಳಿಗ್ಗೆ ಹತ್ತರ ಬಸ್ಸು, ಅದು ಬಿಟ್ಟರೆ ಮಾರನೆಯ ದಿನವೇ. ನಾನು ನಮ್ಮ ಅಂಗಡಿ ಮಾಲೀಕರ ಕ್ಯಾಮೆರಾ ಕಾಡಿ ಬೇಡಿ ತಂದಿದ್ದೆ. ಒಂದು ಫೋಟೋ ತೆಗೀತೀನಿ ನಿಲ್ಲು ಅಂದೆ. ಸ್ವಲ್ಪ ಎಡಕ್ಕೆ ಅಂದೆ, ಗದ್ದ ಮೇಲಕ್ಕೆ ಅಂದೆ, ಬೆಳಕು ಸರಿಯಿಲ್ಲ ಒಂದ್ನಿಮಿಷ ಅಂದೆ, ನಮ್ಮ ಹುಚ್ಚಿನಲ್ಲಿ ನಾವಿದೀವಿ, ಬಸ್ಸು ಬಂತು, ನಿಂತಿತು, ಹೋಯ್ತು! ನನ್ನ ಫೋಟೋ ಹುಚ್ಚಿಗೆ ಅಕ್ಕನ ಪ್ರಮೋಷನ್ನೇ ಹೋಯ್ತು ನೋಡಿ! ಬಂದವರು ತೊಡೆ ತಟ್ಟಿ ನಗುತ್ತಿದ್ದರು. ಅಷ್ಟರಲ್ಲಿ ಕಾಫಿ ತಂದ ಅಕ್ಕ, 'ಹೂಂ, ಇವನ ಫೋಟೋ ಅಷ್ಟು ದುಬಾರಿ,' ಎನ್ನುತ್ತಿದ್ದಳು, ಮತ್ತೆ ನಗು. ಮಾರನೆಯ ದಿನ, ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಜ್ವರ ಏರಿದ್ದು, ಅದರ ಮಾರನೆಯ ದಿನ ಅಕ್ಕ ತನಗೆ ಪ್ರಮೋಷನ್ ಬೇಡವೆಂದು ಬರೆದು ಕೊಟ್ಟದ್ದು, ಆಮೇಲೆ ಹತ್ತೊಂಬತ್ತು ವರ್ಷ ಅಮ್ಮನನ್ನು ಎತ್ತಿ ಇಳಿಸಿ ನೋಡಿಕೊಂಡದ್ದು ಕಥೆಯಲ್ಲಿ ಬರುತ್ತಿರಲಿಲ್ಲ, ಅದರಿಂದ ನಗು ಕೆಡುತ್ತದೆ. ಅವತ್ತಿಗೆ ಒಂದು ವಾರ ಮೊದಲು ತಾನೇ ಅಕ್ಕನ ಕೈ ಹಿಡಿದು 'ನೀನು ಹೋಗು, ಅಮ್ಮನ್ನ ನಾನು ನೋಡ್ಕೋತೀನಿ' ಎಂದು ಮಾತು ಕೊಟ್ಟದ್ದೂ ಬರುತ್ತಿರಲಿಲ್ಲ. ಬೆಳಕಿನ ವಿಷಯ ಬಂದಾಗ ಮಾತ್ರ ಅವನು ಕಥೆಯನ್ನು ಸ್ವಲ್ಪ ಬೇಗ ಬೇಗ ಹೇಳುತ್ತಿದ್ದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಕ್ಕ ತಯಾರಾಗಿದ್ದಳು. ಒಂದು ಪೆಟ್ಟಿಗೆ, ಒಂದು ಕೈಚೀಲ, ಅಷ್ಟೇ. ಇಷ್ಟು ವರ್ಷದ ಮನೆಯಿಂದ ಒಬ್ಬಳು ಇಷ್ಟೇ ಸಾಮಾನಿನಲ್ಲಿ ಹೊರಟುಬಿಡಬಹುದು ಎಂಬುದೇ ಅವನಿಗೆ ಅವಮಾನವಾದಂತಿತ್ತು. ಹತ್ತಕ್ಕೆ ಟ್ಯಾಕ್ಸಿ. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಅವಳು ಚೀಟಿ ಅಂಟಿಸಿದ್ದಳು, ಉಪ್ಪು ಎಂದು, ಸಕ್ಕರೆ ಎಂದು, ಅವನಿಗೆ ಅವೆರಡರ ವ್ಯತ್ಯಾಸವೂ ಗೊತ್ತಾಗಲಾರದೆಂದು. ಅವನು ಕೋಣೆಯೊಳಗೆ ಹೋಗಿ, ಕ್ಯಾಮೆರಾ ಕತ್ತಿಗೆ ಹಾಕಿಕೊಂಡು, ದೊಡ್ಡ ಗುಟ್ಟೊಂದನ್ನು ಹೊರತರುವವನಂತೆ ಹಜಾರಕ್ಕೆ ಬಂದ. ಅಕ್ಕ ಬಗ್ಗಿ ಪೆಟ್ಟಿಗೆಯ ಬೀಗ ನೋಡುತ್ತಿದ್ದಳು. ಅವನು ಕಣ್ಣು ಕ್ಯಾಮೆರಾದ ಕಿಂಡಿಗೆ ಹಚ್ಚಿದ. ಒಂದು ಕಿವಿ ಕಾಣಿಸಿತು, ಅದೂ ಮಸುಕಾಗಿ. ಹಿಂದೆ ಸರಿದ. ಕಿವಿ, ಕೂದಲು. ಇನ್ನೂ ಸರಿದ, ಬಾಗಿಲು ಬೆನ್ನಿಗೆ ಬಡಿಯಿತು. ಬಾಗಿಲು ತೆರೆದು ಹೊಸ್ತಿಲು ದಾಟಿದ. ಅರ್ಧ ಮುಖ. ಎರಡನೆಯ ಅಂತಸ್ತಿನ ಕಾರಿಡಾರಿನಲ್ಲಿ ಹೆಜ್ಜೆ ಹಿಂದಕ್ಕೆ ಇಡುತ್ತಾ ಇಡುತ್ತಾ ಎದುರು ಮನೆಯ ಬಾಗಿಲಿಗೆ ಒರಗಿದ್ದೇ ತಡ, ಆ ಬಾಗಿಲೇ ತೆರೆದುಕೊಂಡು, ಎದುರು ಮನೆಯ ಮೇಷ್ಟ್ರ ತೋಳಿನೊಳಗೆ ಹೆಚ್ಚುಕಡಿಮೆ ಬಿದ್ದ. "ಏನ್ರೀ ಇದು, ತೋಪು?" ಎಂದರು ಮೇಷ್ಟ್ರು. "ಫೋಟೋ," ಎಂದ. "ಯಾರದ್ದು?" "ಅಕ್ಕನದ್ದು." "ಅಕ್ಕ ಎಲ್ಲಿ?" "ಒಳಗಿದಾಳೆ." "ಮತ್ತೆ ನೀವ್ಯಾಕೆ ನಮ್ಮನೇಲಿ?" ಅವನು ಮತ್ತೆ ಕಿಂಡಿಗೆ ಕಣ್ಣು ಹಚ್ಚಿದ. ಮೇಷ್ಟ್ರ ಚಪ್ಪಲಿ ಗೂಡಿನ ಪಕ್ಕ ನಿಂತರೆ ಅಕ್ಕನ ಮುಖ ಪೂರ್ತಿ ಹಿಡಿಯುತ್ತಿತ್ತು. ಹಕ್ಕಿ ಹತ್ತಿರ ಬರುವುದಿಲ್ಲ ಎಂದು ಅಂಗಡಿಯಾಕೆ ಹೇಳಿರಲಿಲ್ಲವೆ?

"ಎಲ್ಲಿಗ್ ಹೋದ್ಯೋ?" ಒಳಗಿನಿಂದ ಅಕ್ಕ ಕೂಗಿದಳು. "ಅಲ್ಲೇ ಇರು, ಇತ್ತ ನೋಡು," ಎಂದು ಇವನು ಹೊರಗಿನಿಂದ ಕೂಗಿದ. ಅಕ್ಕ ತಲೆ ಎತ್ತಿದಳು. ಎರಡು ಬಾಗಿಲುಗಳಾಚೆ ಇದ್ದವಳು ಕಿಂಡಿಯೊಳಗೆ ಎಷ್ಟು ಹತ್ತಿರ ಬಂದಳೆಂದರೆ ಅವನು ಬೆಚ್ಚಿದ. ಕಣ್ಣಿನ ಸುತ್ತ ಗೆರೆ, ಕಿವಿಯ ಹಿಂದೆ ಅವನೇ ಆರಿಸಿ ಕೊಟ್ಟ ಕನ್ನಡಕದ ಕಡ್ಡಿ, ಹಣೆಯ ಮೇಲೆ ಒಂದು ಮಚ್ಚೆ. ಈ ಮಚ್ಚೆ ಯಾವಾಗ ಬಂತು? ದಿನಾ ಎದುರಿಗೆ ಕೂತು ಉಣ್ಣುವವಳ ಹಣೆಯನ್ನು ಅವನು ನೋಡಿ ಎಷ್ಟು ಕಾಲವಾಗಿತ್ತು? "ಸ್ವಲ್ಪ ಎಡಕ್ಕೆ," ಎಂದ. ಅವಳು ಎಡಕ್ಕೆ ಸರಿಯಲಿಲ್ಲ. ಕ್ಯಾಮೆರಾ ಒಳಗೆ ಏನೋ ಸರ್ರನೆ ತಿರುಗಿ, ಅಕ್ಕನ ಮುಖ ಮಸುಕಾಗಿ, ಅವಳ ಹಿಂದೆ ಗೋಡೆಯ ಮೇಲಿದ್ದ ಮೂವತ್ತು ವರ್ಷದ ಅಕ್ಕ ಸ್ಪಷ್ಟವಾದಳು. ಮತ್ತೆ ಸರ್ರಂದು ಇವಳು. ಮತ್ತೆ ಅವಳು. ಇದಾ, ಅದಾ? ಗಾಬರಿಯಲ್ಲಿ ಅವನ ಬಾಯಿ ತಾನೇ ತಾನಾಗಿ ಹೇಳಿತು: "ಬೆಳಕು ಸರಿಯಿಲ್ಲ, ಒಂದ್ನಿಮಿಷ."

ಕಿಂಡಿಯೊಳಗಿನ ಮುಖ ಕಲ್ಲಾಯಿತು. ಅಕ್ಕ ಬಾಗಿಲಿಗೆ ನಡೆದುಬಂದಳು, ಅವಳು ಬಂದ ಹಾಗೆ ಕಿಂಡಿಯಲ್ಲಿ ಮೊದಲು ಮೂಗು, ಆಮೇಲೆ ಬರೀ ಮಸುಕು. "ಯಾರೋ ಹೇಳಿದ್ದು ನಿನಗೆ ಇದನ್ನೆಲ್ಲ ಮಾಡು ಅಂತ?"

"ನೀನೇ ಅಲ್ವಾ ಹೇಳಿದ್ದು? ಹೋಗೋದ್ರೊಳಗೆ ನನ್ನ ಫೋಟೋ ತೆಗಿ ಅಂತ? ಮೂರು ವಾರ ಓದಿ, ಸುತ್ತಿ, ತಂದಿದೀನಿ..."

ಅಕ್ಕ ಅವನನ್ನು ನೋಡಿದಳು, ಕ್ಯಾಮೆರಾ ನೋಡಿದಳು, ಹಿಂದೆ ತಿರುಗಿ ಗೋಡೆ ನೋಡಿದಳು. ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ. ತೆಗಿ ಅಂದ್ರೆ ಗೋಡೆಯಿಂದ ತೆಗಿ ಅಂತ ಕಣೋ! ಇಳಿಸಿ ಒಳಗಿಡು ಅಂತ! ನನಗೆ ಎಟುಕಲ್ಲ, ಸ್ಟೂಲ್ ಹಾಕ್ಕೊಂಡು ನೀನು ತೆಗಿ ಅಂತ ಬಡ್ಕೊಂಡೆನಲ್ಲ!"

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಅಕ್ಕ ನಕ್ಕಳು, ಒಳಗೆ ಹೋಗಿ ಪೆಟ್ಟಿಗೆಯ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಅವನೂ ನಕ್ಕ, ನಗದೆ ಇರಲಾಗಲಿಲ್ಲ. ಸ್ಟೂಲು, ಕುರ್ಚಿ, ತಾನು ಪಟ್ಟ ಕನಿಕರ, ನೀರು ಬಗ್ಗಿಸಿ ಕೊಟ್ಟ ಲೋಟ ಎಲ್ಲ ಒಂದೊಂದಾಗಿ ನೆನಪಾಗಿ ನಕ್ಕ. ಇಂಥ ಬೆಪ್ಪುತಕ್ಕಡಿ ಇನ್ನೊಬ್ಬನಿದ್ದಾನೆಯೆ? ಮೇಷ್ಟ್ರು ಏನೋ ಅರ್ಥವಾದವರಂತೆ ತಮ್ಮ ಬಾಗಿಲು ಹಾಕಿಕೊಂಡರು. ಅವನು ಒಳಗೆ ಬಂದ. ನಗು ಇಳಿದ ಮೇಲೆ ಅವನಿಗೆ ಅವಳ ಮಾತಿನ ಉಳಿದ ಅರ್ಧ ತಲೆಗೆ ಹೋಯಿತು. "ಯಾಕೆ ತೆಗೀಬೇಕು?" ಎಂದು ಕೇಳಿದ. "ಅದು ಚೆನ್ನಾಗಿದೆಯಲ್ಲ."

"ಚೆನ್ನಾಗಿದೆ," ಎಂದಳು ಅಕ್ಕ. ಕನ್ನಡಕವನ್ನು ಸೆರಗಿನಿಂದ ಒರೆಸುತ್ತಿದ್ದಳು. "ಬಂದೋರಿಗೆಲ್ಲ ಆ ಕಥೆ ಹೇಳ್ತೀಯಲ್ಲ. ನಾನಿದ್ದಾಗ ನಾನೂ ನಕ್ಕೆ, ಹೋಗ್ಲಿ ಅಂತ. ನಾನಿಲ್ದೆ ಇದ್ದಾಗ ಅದನ್ನ ಹೇಳಿ ಯಾರನ್ನೂ ನಗಿಸ್ಬೇಡ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಏನಾದರೂ ವಾದ ಹೂಡುತ್ತಿದ್ದ. ಅವನು ಅಡುಗೆಮನೆಯಿಂದ ಸ್ಟೂಲು ತಂದು ಗೋಡೆಗೆ ಒತ್ತಿಟ್ಟು ಹತ್ತಿದ. ಕತ್ತಿನಲ್ಲಿದ್ದ ಕ್ಯಾಮೆರಾ ಬಿಚ್ಚಿಡುವುದು ಮರೆತದ್ದರಿಂದ ಅದು ಜೋಲಿ ಹೊಡೆದು ಗೋಡೆಗೆ ಬಡಿದು ಸುಣ್ಣ ಕಿತ್ತಿತು. ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೊಳೆಯಿಂದ ಬಿಡಿಸಿದ. ಇಷ್ಟು ಹತ್ತಿರದಿಂದ ಅದನ್ನು ನೋಡಿ ವರ್ಷಗಳಾಗಿದ್ದವು. ನಗೆ ಎಂದು ಅವನು ಊರಿಗೆಲ್ಲ ತೋರಿಸಿದ್ದ ತುಟಿ, ಬಿಗಿಹಿಡಿದ ತುಟಿ. ಕೆಳಗಿನ ಅಂಚಿನಲ್ಲಿ, ಚೌಕಟ್ಟಿನ ಮರ ಮುಚ್ಚದೆ ಬಿಟ್ಟ ಕೂದಲೆಳೆಯಷ್ಟು ಜಾಗದಲ್ಲಿ, ಬ್ಯಾಗಿನ ಹಿಡಿಕೆ. ಬಸ್ಸು ಹೋಗಿತ್ತು, ಅವಳು ಆಗಲೇ ಬ್ಯಾಗನ್ನು ಕೆಳಗಿಟ್ಟಿದ್ದಳು. ಇಟ್ಟ ಮೇಲೆ ಅವನು ಗುಂಡಿ ಒತ್ತಿದ್ದ. ಸ್ಟೂಲಿನ ಮೇಲೆ ನಿಂತೇ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ:

"ಅಕ್ಕಾ, ಅವತ್ತು ಬೆಳಕು ಸರಿಯಾಗೇ ಇತ್ತು."

"ಗೊತ್ತು," ಎಂದಳು ಅಕ್ಕ.

ಅವನು ತಿರುಗಿದ. "ಯಾವತ್ತಿಂದ?"

"ಅವತ್ತಿಂದಾನೇ. ಬಸ್ಸು ಬರೋದು ನಿನ್ನ ಬೆನ್ನ ಹಿಂದೆ ನನಗೆ ಕಾಣ್ತಿತ್ತು. ನಿನಗೆ ಕಾಣ್ತಿರ್ಲಿಲ್ಲ, ಆದ್ರೆ ಅದರ ಸದ್ದು ಕೇಳಿದ್ದೇ ನಿನ್ನ ಕೈ ನಡುಗ್ತು. ಆಮೇಲೆ ನೀನು ಆ ಗುಂಡಿ ತಿರುಗಿಸೋದೇನು, ಈ ಗುಂಡಿ ತಿರುಗಿಸೋದೇನು."

"ಮತ್ಯಾಕೆ ನಿಂತೆ? ಓಡಿ ಹೋಗ್ಬೇಕಿತ್ತು. ನನಗೆ ಒಂದು ಬಾರಿಸಿ ಹೋಗ್ಬೇಕಿತ್ತು."

ಅಕ್ಕ ಕನ್ನಡಕ ಹಾಕಿಕೊಂಡಳು. "ಹೋಗ್ಬೇಡ ಅಂತ ನೀನು ಬಾಯಿಬಿಟ್ಟು ಹೇಳ್ತೀಯೇನೋ ಅಂತ ಕಾದೆ ಕಣೋ. ಹೇಳಿದ್ದಿದ್ರೆ ಚೆನ್ನಾಗಿ ಬೈದು ಹೋಗ್ಬಿಡ್ತಿದ್ದೆ. ಬೈಯೋಕೆ ನನಗೊಂದು ಮಾತಾದ್ರೂ ಬೇಕಲ್ಲ. ನೀನು ಬರೀ ಸ್ವಲ್ಪ ಎಡಕ್ಕೆ, ಸ್ವಲ್ಪ ಎಡಕ್ಕೆ ಅಂತಿದ್ದೆ. ಅದಕ್ಕೆ ಏನಂತ ಬೈಯೋದು?"

ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅವನು ಸ್ಟೂಲಿನಿಂದ ಇಳಿದು, ಫೋಟೋವನ್ನು ಎಲ್ಲಿಡಬೇಕೆಂದು ಗೊತ್ತಾಗದೆ, ಮೊದಲು ಮೇಜಿನ ಮೇಲಿಟ್ಟು, ಆಮೇಲೆ ಮುಖ ಕೆಳಗೆ ಮಾಡಿಟ್ಟು, ಅದೂ ಸರಿಯೆನಿಸದೆ ಕೊನೆಗೆ ಅಕ್ಕನ ಕಡೆ ನೋಡಿದ. "ಕಪಾಟಿನೊಳಗಿಡು, ಏನೂ ಆಗಲ್ಲ," ಎಂದಳು. ಇಟ್ಟ. ಪೆಟ್ಟಿಗೆ ಎತ್ತಿಕೊಂಡ. ಎರಡು ಅಂತಸ್ತಿನ ಮೆಟ್ಟಿಲನ್ನು ಕತ್ತಿನಲ್ಲಿ ತೋಪು, ಕೈಯಲ್ಲಿ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತಾ ಇಳಿದ. ಮುಂದೆ ಅಕ್ಕ ಒಂದು ಕೈ ಗೋಡೆಗೆ ಹಿಡಿದು ಇಳಿಯುತ್ತಿದ್ದಳು, ಅವಳ ಕೂದಲು ನೆತ್ತಿಯ ಮೇಲೆ ತೆಳ್ಳಗಾಗಿತ್ತು. ಈಗ ಜಾರಿ ಬಿದ್ದರೆ, ಎಂದು ಅವನಿಗೆ ಒಂದು ಯೋಚನೆ ಬಂತು, ತಾನು ಬಿದ್ದು ಕಾಲು ಮುರಿದುಕೊಂಡರೆ ಅವಳು ಹೋಗುವ ಹಾಗಿಲ್ಲ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಒಂದೊಂದು ಮೆಟ್ಟಿಲನ್ನೂ ಎಣಿಸಿಕೊಂಡು, ಕಾಲಿಟ್ಟದ್ದು ಗಟ್ಟಿಯಾಯಿತೆಂದು ನೋಡಿಕೊಂಡು ಇಳಿದ. ಪೆಟ್ಟಿಗೆ ಡಿಕ್ಕಿಗೆ ಹೋಯಿತು. ಅಕ್ಕ ಹಿಂದಿನ ಸೀಟಿನಲ್ಲಿ ಕೂತು ಸೀರೆಯ ಅಂಚು ಒಳಗೆ ಎಳೆದುಕೊಂಡಳು. ಬಾಗಿಲ ಅಂಚನ್ನು ಹಿಡಿದು ಅವನು ಬಗ್ಗಿ ನಿಂತಿದ್ದ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಹೇಳುವುದಾದರೆ ಈಗಲೇ ಹೇಳಬೇಕು. ಮೂವತ್ತೊಂದು ವರ್ಷ ಗಂಟಲಲ್ಲೇ ಉಳಿದದ್ದು ಎಷ್ಟು ಸಣ್ಣ ಮಾತು.

"ಅಕ್ಕಾ, ಹೋಗ್ಬೇಡ," ಎಂದ.

ಅಕ್ಕ ತಲೆ ಎತ್ತಿ ನೋಡಿದಳು. ಅವಳ ಮುಖ ಮೊದಲು ಗಂಟಾಯಿತು, ಆಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು. "ಈಗ ಹೇಳ್ತೀಯೇನೋ ಕತ್ತೆ," ಎಂದಳು. "ಪುಕ್ಕಲ, ಸೋಮಾರಿ, ಒಂದು ಮಾತು ಬಾಯಲ್ಲಿ ಬರೋಕೆ ಇಷ್ಟು ವರ್ಷ ಬೇಕಾಯ್ತೇನೋ ನಿನಗೆ? ನಾನು ಹೋಗೋಳೇ. ಉಪ್ಪಿನ ಡಬ್ಬಿ ಮೇಲಿನ ಸಾಲಿನಲ್ಲಿದೆ." ಅವಳ ಕಣ್ಣು ತುಂಬಿತ್ತು, ಮತ್ತೆ ಅವಳು ನಗುತ್ತಿದ್ದಳು, ಈ ಸಲ ಅನುಮಾನವೇ ಇರಲಿಲ್ಲ. ಇಂಥ ಬೆಳಕು, ಇಂಥ ಮುಖ ಯಾವ ಲೇಖನವನ್ನು ಓದಿದರೂ ಸಿಗುವಂಥದ್ದಲ್ಲ. "ತೆಗಿ ಈಗ," ಎಂದಳು ಅಕ್ಕ.

ಅವನು ಎದೆಯ ಮೇಲಿದ್ದ ಕ್ಯಾಮೆರಾವನ್ನು ಒಂದು ಕೈಯಲ್ಲಿ ತಡಕಾಡಿ ಎತ್ತಿಕೊಂಡ. ಇಷ್ಟು ಹತ್ತಿರದಿಂದ ಅದರಲ್ಲಿ ಏನೂ ಹಿಡಿಯುವುದಿಲ್ಲವೆಂದು ಗೊತ್ತಿದ್ದೂ ಕಿಂಡಿಗೆ ಕಣ್ಣು ಹಚ್ಚಿದ. ಒಂದು ಹಿತವಾದ ಮಸುಕು.

"ಅದಲ್ವೋ ಬೆಪ್ಪೇ," ಮಸುಕಿನೊಳಗಿನಿಂದ ಅಕ್ಕನ ದನಿ ಬಂತು. "ಕೈ ತೆಗಿ. ಬಾಗಿಲು ಹಾಕ್ಬೇಕು."

ಅವನು ಕೈ ತೆಗೆದ.